ಕೆಮ್ಮಿದವರಿಗೆ ಮಾತ್ರ ಪ್ರವೇಶ

ಒಳ್ಳೆಯದು ಮಾಡಲು ಹೋದ ಮನುಷ್ಯನಿಗೆ ಈ ಲೋಕದಲ್ಲಿ ಎಂಥ ಮರ್ಯಾದೆ ಸಿಗುತ್ತದೆ ಎಂದು ತಿಳಿಯಬೇಕಾದರೆ ಸೋರಿಕೆ ಮಾವನವರನ್ನು ಕೇಳಬೇಕು. ಕೇಳದಿದ್ದರೂ ಅವರೇ ಹೇಳುತ್ತಾರೆ. ಆದರೆ ಅವರು ಹೇಳುವಾಗ ಒಂದೆರಡು ಮುಖ್ಯ ವಿಷಯಗಳನ್ನು ನುಂಗಿಕೊಳ್ಳುವುದರಿಂದ, ನಡೆದದ್ದನ್ನು ನಡೆದ ಹಾಗೆ ಹೇಳುವ ಭಾರ ನಮ್ಮ ಮೇಲೆ ಬಿದ್ದಿದೆ.

ನೀರು ಸರಬರಾಜು ಕಚೇರಿಯಲ್ಲಿ ಅವರದು ಸೋರಿಕೆ ಪತ್ತೆ ಮಾಡುವ ಕೆಲಸ. ಆಳೆತ್ತರದ ಉಕ್ಕಿನ ಕೋಲಿನ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದು ತುದಿಯ ಮರದ ಬಟ್ಟಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತರೆಂದರೆ ನೆಲದಡಿಯ ಪೈಪು ಎಲ್ಲಿ ನೀರು ಬಿಡುತ್ತಿದೆ ಎಂದು ಹೇಳಿಬಿಡುತ್ತಿದ್ದರು. ಬಹಳ ಸಲ ಅದು ನಿಜವೂ ಆಗಿರುತ್ತಿತ್ತು. ಆಗದಿದ್ದಾಗ, ಅಗೆದ ಗುಂಡಿಯನ್ನು ಮುಚ್ಚಿಸಿ ರಸ್ತೆ ಮಾಡಿದವರ ಮೇಲೆ ರೇಗುತ್ತಿದ್ದರು. ಅವರಿದ್ದ ಕಟ್ಟಡದ ಮಕ್ಕಳೆಲ್ಲ ಸೇರಿ ಸೋರಿಕೆ ಮಾವ ಎಂದು ಹೆಸರಿಟ್ಟಿದ್ದವು. ದೊಡ್ಡವರು ಎದುರಿಗೆ ‘ಇನ್ಸ್‌ಪೆಕ್ಟರೇ’ ಎಂದರೂ ಬೆನ್ನ ಹಿಂದೆ ಮಕ್ಕಳು ಅಂದದ್ದನ್ನೇ ಅನ್ನುತ್ತಿದ್ದರು.

ಅವರ ವೃತ್ತಿಯ ಸಾರವೆಲ್ಲ ಒಂದೇ ಮಾತಿನಲ್ಲಿತ್ತು. ಅದನ್ನು ಅವರ ಹೆಂಡತಿ ಮದುವೆಯಾದ ದಿನದಿಂದ ಕೇಳುತ್ತ ಬಂದಿದ್ದಳು. "ನೋಡು, ಚಿಮ್ಮೋ ಪೈಪಿಗೆ ಹೆದರಬಾರದು. ಅದು ತಾನೇ ಬಾಯ್ಬಿಟ್ಟು ಹೇಳುತ್ತೆ. ಸುಮ್ಮನೆ ಬಿದ್ದಿರುತ್ತಲ್ಲ ಗುಮ್ಮನಗುಸುಕ, ಮೇಲೆ ಒಂದು ಹನಿ ಕಾಣಲ್ಲ, ಅದು ಇಡೀ ಬೀದಿ ಮುಳುಗಿಸುತ್ತೆ."

ಕೊರೊನಾ ಬಂತು. ಶಾಲೆಗೆ ಬೀಗ ಬಿತ್ತು. ಎರಡನೇ ಕ್ಲಾಸಿನ ಮಗಳು ಮನೆಯಲ್ಲಿ ಉಳಿದಳು. ಸೋರಿಕೆ ಮಾವನವರಿಗೆ ನಿಜವಾದ ಭಯ ಇದ್ದದ್ದು ಹಿಂದಿನ ಕೋಣೆಯಲ್ಲಿದ್ದ ತಾಯಿಯದು. ಮುದುಕಿಗೆ ಮೊದಲೇ ಶ್ವಾಸಕೋಶದ ಶಕ್ತಿ ಸಾಲದು. ಮೆಟ್ಟಿಲು ಹತ್ತಿದರೆ ಏದುಸಿರು. ಇವರಿಗೇನಾದರೂ ಈ ಸೋಂಕು ತಗುಲಿದರೆ ನನ್ನ ಕೈಲೇನಿಲ್ಲ ಎಂದು ಅವರನ್ನು ನೋಡುವ ಡಾಕ್ಟರು ಮುಖಕ್ಕೆ ಹೇಳಿದ್ದರು. ಅಂದಿನಿಂದ ಮೊಮ್ಮಗಳು ಅಜ್ಜಿಯ ಹೊಸ್ತಿಲು ದಾಟುವಂತಿರಲಿಲ್ಲ. ಅಜ್ಜಿ ಒಳಗೆ, ಮೊಮ್ಮಗಳು ಹೊರಗೆ, ನಡುವೆ ಉದ್ದನೆಯ ಹಜಾರ. ಅಲ್ಲಿಂದಲೇ ಕೂಗಿಕೊಂಡು ಹಾವು ಏಣಿ ಆಡುತ್ತಿದ್ದರು. ದಾಳ ಹಾಕುವುದು ಅಜ್ಜಿಯಾದ್ದರಿಂದ ಹುಡುಗಿ ಯಾವಾಗಲೂ ಹಾವಿನ ಬಾಯಿಗೇ ಬೀಳುತ್ತಿದ್ದಳು.

ಒಂದು ದಿನ ಆರೋಗ್ಯ ಇಲಾಖೆಯ ಡಾಕ್ಟರಮ್ಮ ಕಟ್ಟಡದ ಅಂಗಳದಲ್ಲಿ ಮೈಕು ಹಿಡಿದು ಸಭೆ ನಡೆಸಿದರು. ಸೋರಿಕೆ ಮಾವ ಮೊದಲ ಸಾಲಿನಲ್ಲೇ ಮೈಯೆಲ್ಲ ಕಿವಿಯಾಗಿ ಕೂತಿದ್ದರು. ಡಾಕ್ಟರಮ್ಮ ಶುರು ಮಾಡಿದರು: "ಮಕ್ಕಳಿಗೆ ಇದು ಸಾಮಾನ್ಯವಾಗಿ ಜೋರಾಗಿ ಬರಲ್ಲ. ಎಷ್ಟೋ ಮಕ್ಕಳಲ್ಲಿ ಯಾವ ಲಕ್ಷಣಾನೂ ಕಾಣಿಸಲ್ಲ. ಆದರೂ ಅವರಿಂದ ಬೇರೆಯವರಿಗೆ ಹರಡಬಹುದು."

ಸೋರಿಕೆ ಮಾವ ಕುರ್ಚಿಯಿಂದ ಅರ್ಧ ಎದ್ದರು. "ಗುಮ್ಮನಗುಸುಕ!" ಎಂದು ಉದ್ಗರಿಸಿದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಮಾರುಕಟ್ಟೆಯ ರಸ್ತೆಯಲ್ಲಿ ದೊಡ್ಡ ಪೈಪು ಒಡೆದು ತರಕಾರಿಯವರ ಬುಟ್ಟಿಗಳು ತೇಲುತ್ತಿದ್ದವು. ಕರ್ತವ್ಯ ಕರೆಯಿತು, ಅವರು ಓಡಿದರು.

ಅವರ ಬೆನ್ನ ಹಿಂದೆ ಡಾಕ್ಟರಮ್ಮ ಮಾತು ಮುಂದುವರಿಸಿದರು. ಹಾಗಂತ ಮಕ್ಕಳನ್ನು ಅನುಮಾನದಿಂದ ನೋಡಬೇಡಿ. ದೊಡ್ಡವರಿಗೂ ಲಕ್ಷಣವಿಲ್ಲದೆ ಬರುತ್ತದೆ. ಆದ್ದರಿಂದ ಎಲ್ಲರೂ, ನೆನಪಿರಲಿ ಎಲ್ಲರೂ, ಮಾಸ್ಕು ಹಾಕಿ, ಕೈ ತೊಳೆಯಿರಿ, ಕಿಟಕಿ ತೆರೆದಿಡಿ, ವಯಸ್ಸಾದವರ ಹತ್ತಿರ ಹೋಗಿ ಕೂರಬೇಡಿ. ಎಳೆಗೂಸುಗಳಿಗೆ ಮಾತ್ರ ಮಾಸ್ಕು ಬೇಡ, ಉಸಿರು ಕಟ್ಟುತ್ತದೆ. ಕೆಮ್ಮು, ಜ್ವರ ಇರುವ ಮಗು ಮನೆಯಲ್ಲಿರಲಿ, ಆರೋಗ್ಯವಾಗಿರುವ ಮಕ್ಕಳು ಬಯಲಲ್ಲಿ ದೂರ ದೂರ ಆಡಲಿ. ಇದನ್ನೆಲ್ಲ ಜನ ಸಭೆಯಲ್ಲಿ ಕೇಳುವ ಹಾಗೆಯೇ ಕೇಳಿದರು, ಅಂದರೆ ಅರ್ಧ ಕೇಳಿದರು. ಕಟ್ಟಡದ ಸಂಘದ ಅಧ್ಯಕ್ಷೆ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಅವರು ಕಪ್ಪು ಕನ್ನಡಕದ ಹಿಂದೆ ಸುಖವಾಗಿ ನಿದ್ದೆ ಮಾಡಿದರು.

ಕೊನೆಗೆ ಮಕ್ಕಳ ಸುರಕ್ಷತೆಗೆ ಒಬ್ಬರು ಉಸ್ತುವಾರಿ ಬೇಕೆಂದು ಡಾಕ್ಟರಮ್ಮ ಹೇಳಿದಾಗ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಆ ಸಂಘದಲ್ಲಿ ಒಂದು ಪದ್ಧತಿ ಇತ್ತು. ಸಭೆಯಲ್ಲಿ ಇದ್ದವರು ಒಲ್ಲೆ ಅನ್ನಬಹುದು, ಇಲ್ಲದವರಿಗೆ ಆ ಅನುಕೂಲವಿಲ್ಲ. ಆದ್ದರಿಂದ ಹುದ್ದೆಗಳನ್ನೆಲ್ಲ ಎದ್ದು ಹೋದವರಿಗೇ ಹಂಚುತ್ತಿದ್ದರು. ಇಡೀ ಸಭೆಯಲ್ಲಿ ಒಂದೇ ವಾಕ್ಯ ಕೇಳಿಸಿಕೊಂಡಿದ್ದ ಮನುಷ್ಯ ಹೀಗೆ ಸರ್ವಾನುಮತದಿಂದ ಆಯ್ಕೆಯಾದರು.

ಮಾರನೆಯ ದಿನ ಬೆಳಗ್ಗೆ ಅಂಗಳದ ಗೇಟಿನ ಪಕ್ಕ ಒಂದು ಕುರ್ಚಿ, ಒಂದು ಸೀಟಿ, ಉಕ್ಕಿನ ಕೋಲು, ಇವುಗಳ ನಡುವೆ ಸೋರಿಕೆ ಮಾವ ಎದೆ ಉಬ್ಬಿಸಿ ಕೂತಿದ್ದರು. ಮೊದಲು ಬಂದದ್ದು ನೆಲಮಾಳಿಗೆಯ ಜಿಮ್ ಮಾಸ್ತರರ ಅವಳಿ ಮಕ್ಕಳು. ಕೆಂಪು ಕೆನ್ನೆ, ಗುಂಡುಕಲ್ಲಿನಂಥ ಮೈ.

"ಕೆಮ್ಮು?"

"ಇಲ್ಲ ಮಾವ."

"ಜ್ವರ?"

"ಇಲ್ಲ ಮಾವ."

"ನೆಗಡಿ, ಗಂಟಲು ಕೆರೆತ, ಹೊಟ್ಟೆನೋವು, ಏನಾದರೂ?"

"ಏನೂ ಇಲ್ಲ ಮಾವ!" ಅವಳಿಗಳು ಹೆಮ್ಮೆಯಿಂದ ಅಂದವು.

ಸೋರಿಕೆ ಮಾವ ಎದ್ದು ನಿಂತರು. ಕೋಲಿನ ತುದಿಯನ್ನು ಮೊದಲನೆಯವನ ಬೆನ್ನಿಗೆ ಹಚ್ಚಿ, ಮಾಸ್ಕು ಗದ್ದಕ್ಕಿಳಿಸಿ, ಬಟ್ಟಲಿಗೆ ಕಿವಿ ಕೊಟ್ಟರು. ಆಮೇಲೆ ಎರಡನೆಯವನ ಬೆನ್ನಿಗೆ. ಅವರ ಮುಖ ಬಿಳಿಚಿತು. "ಒಂದು ಚೂರು ಸದ್ದಿಲ್ಲ! ಇಬ್ಬರಿಗೂ ಇಲ್ಲ! ಓಡ್ರೋ ಮನೆಗೆ. ನಾನು ಹೇಳೋ ತನಕ ಆಚೆ ಬರಬೇಡಿ."

ಜಿಮ್ ಮಾಸ್ತರರು ತೋಳು ಮಡಿಸುತ್ತ ಬಂದರು. "ಏನ್ರೀ ಇದು? ನನ್ನ ಮಕ್ಕಳು ಗಟ್ಟಿಮುಟ್ಟಾಗಿದಾವೆ ಕಣ್ರೀ!"

"ಅದೇ ನನ್ನ ಅನುಮಾನ."

"ಗಟ್ಟಿಯಾಗಿರೋದು ತಪ್ಪಾ?"

"ತಪ್ಪು ಅಂತ ನಾನು ಹೇಳ್ತಿಲ್ಲ, ಡಾಕ್ಟರಮ್ಮ ಹೇಳಿದ್ದು. ಲಕ್ಷಣ ಕಾಣಿಸದೇ ಇರೋ ಮಕ್ಕಳಿಂದ ಹರಡುತ್ತೆ ಅಂತ ಹೇಳಿದರೋ ಇಲ್ಲವೋ?"

ಡಾಕ್ಟರಮ್ಮ ಅದನ್ನು ಹೇಳಿದ್ದು ನಿಜ. ಆಮೇಲೆ ಹೇಳಿದ್ದೇನು ಎಂಬುದು ಮಾಸ್ತರರಿಗೆ ನೆನಪಿರಲಿಲ್ಲ. ಅಲ್ಲೇ ನಿಂತಿದ್ದ ಅಧ್ಯಕ್ಷೆಯ ಕಡೆ ನೋಡಿದರು. ನಿದ್ದೆ ಮಾಡಿದ್ದನ್ನು ಒಪ್ಪಿಕೊಳ್ಳುವುದಕ್ಕಿಂತ ಒಂದು ತಪ್ಪು ನಿಯಮವನ್ನು ಒಪ್ಪಿಕೊಳ್ಳುವುದೇ ವಾಸಿ ಎಂದು ಹೆಡ್‌ಮಿಸ್ಟ್ರೆಸ್ಸು ತೀರ್ಮಾನಿಸಿ, "ಅಕ್ಷರಶಃ ಹಾಗೇ ಹೇಳಿದರು" ಎಂದರು.

ಅಷ್ಟರಲ್ಲಿ ಔಷಧಿ ಅಂಗಡಿಯವರ ಮಗ ಬಂದ. ಆ ಹುಡುಗನ ಮೂಗು ವರ್ಷವಿಡೀ ಸುರಿಯುತ್ತಿತ್ತು. ಅದೊಂದು ಜಾತಿ ಅಲರ್ಜಿ. ತಂದೆಯ ಅಂಗಡಿಯ ಔಷಧಿಗಳೆಲ್ಲ ಅದರ ಮುಂದೆ ಸೋತಿದ್ದವು. ಸೋರಿಕೆ ಮಾವ ಅವನನ್ನು ಕಣ್ಣರಳಿಸಿ ನೋಡಿದರು. "ಇದು ಗೊತ್ತಿರೋ ಸೋರಿಕೆ. ಮಾಸ್ಕ್ ಹಾಕ್ಕೊಂಡು ಒಳಗೆ ಹೋಗಪ್ಪ. ದೂರ ದೂರ ಆಡಿಕೋ."

ಹುಡುಗ ಇಡೀ ಅಂಗಳದಲ್ಲಿ ಒಬ್ಬನೇ ಉಯ್ಯಾಲೆ ಆಡಿದ. ಕಿಟಕಿಗಳ ಹಿಂದೆ ಗಟ್ಟಿಮುಟ್ಟಾದ ಮಕ್ಕಳು ಸರಳಿಗೆ ಮೂಗು ಒತ್ತಿ ಅವನನ್ನು ನೋಡಿ ಅತ್ತವು. ಅವನ ತಂದೆಗೆ ಮಗನ ಮೂಗಿನ ಬಗ್ಗೆ ಜೀವನದಲ್ಲಿ ಮೊದಲ ಸಲ ಅಭಿಮಾನ ಉಕ್ಕಿತು.

ಅನ್ಯಾಯ! ನ್ಯಾಯವಾಗಿ ನೋಡಿದರೆ ಯಾರಿಗಾದರೂ ಮೈ ಉರಿಯಬೇಕು. ತಾಯಂದಿರಿಗೂ ಉರಿಯಿತು. ಅವರು ಸೋರಿಕೆ ಮಾವನ ಬಾಗಿಲಿಗೆ ಬಂದು ಕೂಗಾಡಿದರು, ಬೇಡಿಕೊಂಡರು, ಅವರ ಹೆಂಡತಿಯ ಹತ್ತಿರ ದೂರು ಹೇಳಿದರು. ಇವರು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ತಾಯಂದಿರು ಬುದ್ಧಿ ಇರುವ ಜನ ಮಾಡುವುದನ್ನೇ ಮಾಡಿದರು. ಮಕ್ಕಳಿಗೆ ಕೆಮ್ಮಲು ಕಲಿಸಿದರು.

ತಾರಸಿಯ ಮೇಲೆ ಜಿಮ್ ಮಾಸ್ತರರೇ ತರಗತಿ ತೆಗೆದರು. "ಗಂಟಲಿಂದ ಬೇಡ, ಹೊಟ್ಟೆಯಿಂದ ಬರಲಿ! ಎದೆ ಎತ್ತು, ಭುಜ ಇಳಿಸು, ಹಾಂ, ಈಗ ಬಿಡು!" ಹೆಡ್‌ಮಿಸ್ಟ್ರೆಸ್ಸು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ತಿದ್ದುತ್ತಿದ್ದರು: "ನಡುವೆ ನಗಬಾರದು. ಸ್ಪಷ್ಟವಾಗಿ ಕೆಮ್ಮು. ಮೊಣಕೈಗೆ ಕೆಮ್ಮು, ಸಭ್ಯತೆ ಇರಲಿ." ವಾರ ಕಳೆಯುವುದರೊಳಗೆ ಕಟ್ಟಡದ ಮಕ್ಕಳೆಲ್ಲ ಬೇಕೆಂದಾಗ ಕೆಮ್ಮುವಷ್ಟು ಪಳಗಿದರು. ಗೇಟಿನಲ್ಲಿ ಸಾಲಾಗಿ ನಿಂತು, ಮಾಸ್ಕಿನೊಳಗೆ ಖೊಕ್ ಖೊಕ್ ಎಂದು, ಬೆನ್ನು ಒಡ್ಡಿ, ಕೋಲಿನ ಪರೀಕ್ಷೆ ಗೆದ್ದು, ಅಂಗಳದಲ್ಲಿ ದೂರ ದೂರ ಹರಡಿಕೊಂಡು ಆಡಿದರು. ಇಷ್ಟು ಮಕ್ಕಳ ಕಾಯಿಲೆಯನ್ನು ತಾನು ಬಯಲಿಗೆಳೆದೆ ಎಂದು ಸೋರಿಕೆ ಮಾವನಿಗೆ ಹಿಗ್ಗೋ ಹಿಗ್ಗು.

ಕೆಮ್ಮು ಬಾರದೆ ಉಳಿದವಳು ಒಬ್ಬಳೇ. ಅವರ ಸ್ವಂತ ಮಗಳು.

ಅವಳೂ ಪ್ರಯತ್ನಪಟ್ಟಳು. ಆದರೆ ಉಳಿದವರ ಹಾಗೆ ಅವಳು ಪರೀಕ್ಷೆ ಕೊಡಬೇಕಾದ್ದು ಗೇಟಿನಲ್ಲಲ್ಲ, ಮನೆಯಲ್ಲಿ, ಹುಟ್ಟಿದಂದಿನಿಂದ ಅವಳ ಅಳು ನಗು ಸುಳ್ಳು ಎಲ್ಲ ಬಲ್ಲ ಮನುಷ್ಯನ ಮುಂದೆ. "ಇದು ನಾಟಕ" ಎಂದು ಅವರು ತಲೆಯಾಡಿಸಿದರು. "ನೀನು ಎಲ್ಲಾ ರೀತಿಯಿಂದ್ಲೂ ಚೆನ್ನಾಗಿದೀಯ. ಮನೇಲಿ ಅಜ್ಜಿ ಇದಾರೆ. ನಿನ್ನನ್ನ ಹೇಗೆ ಬಿಡಲಿ?"

ಹುಡುಗಿ ಅವರ ಅಂಗಿ ಹಿಡಿದು ಎಳೆದಳು. "ಅಪ್ಪಾ, ನಂಗೆ ಜ್ವರ ಯಾವಾಗ ಬರುತ್ತೆ?"

ಹೆಂಡತಿ ಕೈಲಿದ್ದ ಬಟ್ಟೆಯನ್ನು ನೆಲಕ್ಕೆ ಬಿಸಾಡಿದಳು. "ಕೇಳಿಸ್ಕೊಂಡ್ರಾ? ಮಗು ಬಾಯಲ್ಲಿ ಎಂಥ ಮಾತು ಬರೋ ಹಾಗೆ ಮಾಡಿದೀರಿ! ಕಟ್ಟಡದ ಮಕ್ಕಳೆಲ್ಲ ಕೆಮ್ಮಿ ಕೆಮ್ಮಿ ಆಡ್ತಿದಾವೆ, ನಮ್ಮನೇಲಿ ಆರೋಗ್ಯವಾಗಿರೋದಕ್ಕೆ ಜೈಲು!"

"ನಿಯಮ ಅಂದ್ರೆ ನಿಯಮ. ಸ್ವಂತ ಮಗಳು ಅಂತ ಬಿಟ್ಟರೆ ನಾಳೆ ಜನ ಏನಂದಾರು?"

ಇಷ್ಟು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ ಮನುಷ್ಯ ತಾನು ಮಾತ್ರ ಬೆಳಗಿನ ಗೇಟು ಕಾವಲು ಮುಗಿದದ್ದೇ ದಿನವಿಡೀ ಊರು ಸುತ್ತುತ್ತಿದ್ದರು. ಗುಂಡಿ ತೋಡುವವರ ಜೊತೆ ಒಂದೇ ಜೀಪಿನಲ್ಲಿ ಒತ್ತಿಕೊಂಡು ಕೂತು ಹೋಗುವುದು, ಒಂದೇ ಲೋಟದಲ್ಲಿ ನೀರು ಕುಡಿಯುವುದು. ಅವರಲ್ಲೊಬ್ಬ ಜ್ವರ ಬಂದು ಮಲಗಿದಾಗ, "ಅವನದು ಗೊತ್ತಾಯಿತಲ್ಲ, ಇನ್ನು ಭಯವಿಲ್ಲ" ಎಂದು ಅವನ ಜಾಗದಲ್ಲಿ ಕಾಲು ಚಾಚಿ ಕೂತರು. ಸಂಜೆ ಮನೆಗೆ ಬಂದು ನೇರ ತಾಯಿಯ ಕೋಣೆಗೆ ಹೋಗಿ ದಿನದ ವರದಿ ಒಪ್ಪಿಸುತ್ತಿದ್ದರು. ತಾಯಿಗೆ ಕಿವಿ ಮಂದವೆಂದು ಮಾಸ್ಕು ಇಳಿಸಿ, ಗಟ್ಟಿಯಾಗಿ.

"ದೂರ ಕೂತ್ಕೊ, ನಿಯಮ ಮೊದಲು ನಿನಗೆ ಹಾಕ್ಕೊ" ಎನ್ನುತ್ತಿದ್ದರು ಮುದುಕಿ. ಆಕೆ ಮಾಸ್ಕು ಹಾಕಿಕೊಂಡು, ತೆರೆದ ಕಿಟಕಿಗೆ ಆತುಕೊಂಡು, ಊರುಗೋಲಿನಿಂದ ಮಗನ ಕುರ್ಚಿಯನ್ನು ಬಾಗಿಲವರೆಗೂ ತಳ್ಳುತ್ತಿದ್ದರು. ನಿಯಮ ಇದ್ದದ್ದು ಮಕ್ಕಳಿಗೆ. ತನಗೆ ನೆಗಡಿಯೂ ಇಲ್ಲ. ಹೆತ್ತ ತಾಯಿಯೇ ಹೀಗೆ ದೂಡಿದರೆ ಯಾರ ಹತ್ತಿರ ಹೇಳಿಕೊಳ್ಳುವುದು ಎಂದು ಅವರು ಹೆಂಡತಿಯ ಹತ್ತಿರ ಹೇಳಿಕೊಂಡರು. ಹೆಂಡತಿ ಅವರ ಜೊತೆ ಮಾತು ಬಿಟ್ಟಿದ್ದಳಾದ್ದರಿಂದ ಉತ್ತರ ಸಿಗಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಡಾಕ್ಟರಮ್ಮ ಕಟ್ಟಡ ಹೇಗಿದೆ ನೋಡೋಣ ಎಂದು ಹೇಳದೆ ಕೇಳದೆ ಬಂದುಬಿಟ್ಟರು. ಗೇಟಿನಲ್ಲಿ ಬಿಳಿ ಕೋಟು ಕಂಡದ್ದೇ ತಡ, ಯಾರೋ ಸೋರಿಕೆ ಮಾವನಿಗಿಂತ ದೊಡ್ಡ ಅಧಿಕಾರಿ ಬಂದರೆಂದು ಮಕ್ಕಳೆಲ್ಲ ಆಟ ನಿಲ್ಲಿಸಿ, ಕಲಿತದ್ದರಲ್ಲಿ ಅತ್ಯುತ್ತಮವಾದುದನ್ನು ಕೆಮ್ಮಿದವು. ಅವಳಿಗಳ ಕೆಮ್ಮಿಗೆ ಪಾರಿವಾಳಗಳು ಹಾರಿಹೋದವು. ತಾರಸಿಯಿಂದ ಜಿಮ್ ಮಾಸ್ತರರು, "ಹೊಟ್ಟೆಯಿಂದ! ಹೊಟ್ಟೆಯಿಂದ!" ಎಂದು ಸನ್ನೆ ಮಾಡುತ್ತಿದ್ದರು.

ಡಾಕ್ಟರಮ್ಮ ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯೋ ದೇವರೇ! ಇಷ್ಟು ಕೆಮ್ಮೋ ಮಕ್ಕಳನ್ನ ಆಟಕ್ಕೆ ಬಿಟ್ಟವರು ಯಾರು?"

"ನಾನೇ ಮೇಡಂ!" ಸೋರಿಕೆ ಮಾವ ಸೀಟಿ ಸರಿಮಾಡಿಕೊಂಡು ಮುಂದೆ ಬಂದರು.

"ಮತ್ತೆ ಕೆಮ್ಮದೇ ಇರೋ ಮಕ್ಕಳು?"

"ಹೆದರಬೇಡಿ ಮೇಡಂ. ಒಬ್ಬಳೇ ಉಳಿದಿರೋದು. ಅವಳನ್ನ ಒಳಗೆ ಕೂಡಿಹಾಕಿದೀನಿ."

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಆ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಏನ್ರೀ, ನಾನು ಹೇಳಿದ್ದೇನು, ನೀವು ಮಾಡಿದ್ದೇನು? ಲಕ್ಷಣ ಇಲ್ಲದೆಯೂ ಇರಬಹುದು, ಆದ್ದರಿಂದ ಎಲ್ಲರೂ ಎಚ್ಚರ ಇರಿ ಅಂದೆ. ಆರೋಗ್ಯವಾಗಿರೋದೇ ರೋಗ ಅಂದೆನಾ?"

"ಪೈಪಿನ ವಿಷಯದಲ್ಲಿ..."

"ಯಾವ ಪೈಪು? ಅದೇನು ಕೋಲು?"

"ಇದರಲ್ಲಿ ಬೆನ್ನು ಕೇಳ್ತೀನಿ ಮೇಡಂ."

"ಒಂದು ಬೆನ್ನಿಂದ ಇನ್ನೊಂದು ಬೆನ್ನಿಗೆ ಹೋಗುವಾಗ ಒರೆಸ್ತೀರಾ?"

"ಪೈಪಿಗೆ ಒರೆಸೋ ಪದ್ಧತಿ ಇಲ್ಲ ಮೇಡಂ."

ಡಾಕ್ಟರಮ್ಮ ಕೋಲನ್ನು ಕಿತ್ತುಕೊಂಡರು. ಅಧ್ಯಕ್ಷೆಯನ್ನು ಕರೆಸಿದರು. ಹೆಡ್‌ಮಿಸ್ಟ್ರೆಸ್ಸು, "ನನಗೆ ಆಗಲೇ ಅನುಮಾನ ಇತ್ತು" ಎಂದು ತಣ್ಣಗೆ ನುಡಿದು ಕೈ ತೊಳೆದುಕೊಂಡರು. ಕೆಮ್ಮೆಲ್ಲ ನಾಟಕ ಎಂದು ತಾಯಂದಿರು ಆಣೆ ಇಟ್ಟು ಹೇಳಿದರು. ಆದರೆ ಅಭ್ಯಾಸ ಎಂಥದ್ದೆಂದರೆ, ನಿಲ್ಲಿಸಿ ಎಂದರೂ ಮಕ್ಕಳಿಗೆ ನಿಲ್ಲಿಸಲು ಆಗುತ್ತಿರಲಿಲ್ಲ. ಕಟ್ಟಡದ ಸುತ್ತ ಪಟ್ಟಿ ಕಟ್ಟಿದರು. ಹಾಲಿನವನನ್ನು ಬೀದಿಯ ಆ ತುದಿಯಲ್ಲೇ ತಡೆದರು. ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರ ಮೂಗಿಗೂ ಕಡ್ಡಿ ಹಾಕಿದರು. ಔಷಧಿ ಅಂಗಡಿಯವರ ಮಗನ ಮೂಗಿಗೆ ಮಾತ್ರ ಎರಡು ಕಡ್ಡಿ ಬೇಕಾದವು. ಮೆಟ್ಟಿಲಿಳಿಯಲಾರದ ಮುದುಕಿಯ ಮಾದರಿಯನ್ನು ಕೊನೆಯಲ್ಲಿ ಮನೆಗೇ ಬಂದು ತೆಗೆದುಕೊಂಡದ್ದರಿಂದ ಅದು ಮರುದಿನದ ಗಾಡಿಯಲ್ಲಿ ಹೋಯಿತು.

ಆ ಸಂಜೆ ಸೋರಿಕೆ ಮಾವನಿಗೆ ಸಿಕ್ಕ ಬೈಗುಳಗಳನ್ನು ಇಲ್ಲಿ ಬರೆದರೆ ಮಕ್ಕಳು ಓದುವ ಹಾಗಿರುವುದಿಲ್ಲ.

ಫಲಿತಾಂಶ ಬಂದ ದಿನ ಎಲ್ಲರೂ ಅಂಗಳದಲ್ಲಿ ದೂರ ದೂರ ನಿಂತರು. ಡಾಕ್ಟರಮ್ಮ ಮೈಕು ಹಿಡಿದರು. "ಮಕ್ಕಳಲ್ಲಿ ಒಬ್ಬರಿಗೂ ಇಲ್ಲ."

ಕಟ್ಟಡ ಉಸಿರು ಬಿಟ್ಟಿತು. ಇಂಗು ತಿಂದ ಮಂಗನಂತಿದ್ದ ಸೋರಿಕೆ ಮಾವನ ಮುಖಕ್ಕೆ ಕಳೆ ಬಂತು. "ನೋಡಿದ್ರಾ? ಇಷ್ಟು ದಿನ ಕಾದವರು ಯಾರು? ಈಗ ಮಾತಾಡಿ!"

"ಬಯಲು ಗಾಳಿ ಇತ್ತು, ಮಾಸ್ಕ್ ಇತ್ತು, ದೂರ ಇದ್ದರು, ಬಚಾವಾದ್ರು" ಎಂದರು ಡಾಕ್ಟರಮ್ಮ. "ಆದರೆ ದೊಡ್ಡವರಲ್ಲಿ ಒಬ್ಬರಿಗೆ ಇದೆ. ಲಕ್ಷಣ ಏನೂ ಇಲ್ಲ."

ಸೋರಿಕೆ ಮಾವ ಕೆಂಡಾಮಂಡಲವಾದರು. ಗುಂಪಿನ ಕಡೆ ತಿರುಗಿ ಬೆರಳು ಆಡಿಸಿದರು. "ಯಾರ್ರೀ ಅದು? ಮುಂದೆ ಬನ್ನಿ! ಮಕ್ಕಳ ಮಧ್ಯೆ ಓಡಾಡ್ಕೊಂಡು, ಏನೂ ಆಗದವರ ಹಾಗೆ ಎದೆ ಸೆಟೆದು ನಿಂತ್ಕೊಂಡು... ನಾಚಿಕೆ ಆಗಲ್ವಾ? ನಮ್ಮನೇಲಿ ವಯಸ್ಸಾದ ತಾಯಿ ಇದಾರೆ ಕಣ್ರೀ! ಅವರಿಗೇನಾದ್ರೂ ಆದ್ರೆ ನಾನು ಸುಮ್ಮನೆ ಬಿಡಲ್ಲ!"

"ನೀವೇ" ಎಂದರು ಡಾಕ್ಟರಮ್ಮ.

ಯಾರೂ ನಗಲಿಲ್ಲ. ಜಿಮ್ ಮಾಸ್ತರರೂ ನಗಲಿಲ್ಲ. ಸೋರಿಕೆ ಮಾವನ ಬೆರಳು ಗಾಳಿಯಲ್ಲೇ ಸ್ವಲ್ಪ ಹೊತ್ತು ನಿಂತಿದ್ದು ಕೆಳಗಿಳಿಯಿತು. "ನನಗೆ ಕೆಮ್ಮಿಲ್ಲವಲ್ಲ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ನಮ್ಮಮ್ಮನದು ಏನಾಯಿತು?" ಎಂದು ಕೇಳಿದರು.

"ನಿಮ್ಮ ತಾಯಿಯದು ಇನ್ನೂ ಬಂದಿಲ್ಲ. ನಾಳೆ ಫೋನ್ ಮಾಡ್ತೀನಿ."

ಅವರನ್ನು ತಾಯಿಯ ಪಕ್ಕದ ಕೋಣೆಯಲ್ಲಿ ಹಾಕಿ ಬಾಗಿಲು ಮುಚ್ಚಿದರು. ಹೆಂಡತಿ ಊಟದ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು, ಬಾಗಿಲು ಬಡಿದು ಸರಿದು ಹೋಗುತ್ತಿದ್ದಳು. ಮಾಸ್ಕು ಇಳಿಸಿ ತಾಯಿಯ ಎದುರು ಕೂತು ಗಟ್ಟಿಯಾಗಿ ಮಾತಾಡಿದ ಸಂಜೆಗಳೆಲ್ಲ ಒಂದೊಂದಾಗಿ ಎದುರು ಬಂದು ನಿಂತವು. ಅವರಿಗೆ ಈಗ ಸಿಟ್ಟು ಬಂದದ್ದು ತನ್ನ ಮೈಯ ಮೇಲೆ. ಒಂದು ಸೀನಾದರೂ ಬರಬಾರದಿತ್ತೇ? ಒಂದು ಕೆಮ್ಮು? ಗುಮ್ಮನಗುಸುಕನ ಕೆಲಸ ಮಾಡಿತು ಈ ದರಿದ್ರ ಮೈ!

ಮರುದಿನ ಬೆಳಗ್ಗೆಯಿಂದ ಫೋನು ಬರಲಿಲ್ಲ. ಪಕ್ಕದ ಕೋಣೆಯಿಂದ ಸದ್ದೂ ಬರಲಿಲ್ಲ. ಕೋಲಂತೂ ಡಾಕ್ಟರಮ್ಮನ ಬಳಿಯಿತ್ತು. ಅವರು ಎದ್ದು, ಕನ್ನಡಕ ಸಮೇತ ಗೋಡೆಗೆ ಬರಿಗಿವಿಯನ್ನೇ ಹಚ್ಚಿದರು.

"ಗೋಡೆಗೆ ಕಿವಿ ಕೊಟ್ಟಿದೀಯೇನೋ?" ಎಂದು ಆಚೆಯಿಂದ ದನಿ ಬಂತು. "ನಿನ್ನ ಕನ್ನಡಕ ಬಡಿದದ್ದು ಕೇಳಿಸ್ತು. ನಾನು ಸತ್ತಿಲ್ಲ. ಸಿಟ್ಟಲ್ಲಿದೀನಿ."

"ಅಮ್ಮಾ! ನಿನಗೆ ಕಿವಿ ಕೇಳಲ್ಲವಲ್ಲ..."

"ಯಾರು ಹೇಳಿದ್ದು? ನಿನ್ನ ಸೋರಿಕೆ ಪುರಾಣ ಕೇಳಲಾರದೆ ಸುಮ್ಮನಿದ್ದೆ. ಆ ಡಾಕ್ಟರಮ್ಮ ಮೈಕಲ್ಲಿ ಹೇಳಿದ್ದು ಒಂದಕ್ಷರ ಬಿಡದೆ ಈ ಕಿಟಕಿಯಿಂದ ಕೇಳಿಸ್ಕೊಂಡೆ. ಅದಕ್ಕೇ ದಿನಾ ಮಾಸ್ಕ್ ಹಾಕ್ಕೊಂಡು ನಿನ್ನನ್ನ ದೂರ ದಬ್ಬಿದ್ದು. ಎಷ್ಟು ಸಲ ಹೇಳಲಿಲ್ಲ, ನಿಯಮ ಮೊದಲು ನಿನಗೆ ಹಾಕ್ಕೊಳೋ ಅಂತ? ಮುದುಕಿಗೆ ಏನು ಗೊತ್ತು ಅಂದೆ. ನನ್ನ ಮೊಮ್ಮಗಳು ಜ್ವರ ಬರಲಿ ಅಂತ ಬೇಡಿಕೊಳ್ಳೋ ಹಾಗೆ ಮಾಡಿದೆಯಲ್ಲೋ, ಬೆಪ್ಪು ಮುಂಡೇದೇ!"

ಬೈಗುಳ ಧಾರಾಕಾರವಾಗಿ ಹರಿಯಿತು. ಇದ್ದಕ್ಕಿದ್ದಂತೆ ನಿಂತಿತು. "ಅಮ್ಮಾ? ಅಮ್ಮಾ, ಯಾಕೆ ನಿಲ್ಲಿಸಿದೆ? ಉಸಿರು ಕಟ್ತಿದೆಯಾ?"

"ನೀರು ಕುಡೀತಿದೀನಿ ಕಣೋ!"

ಅದೇ ಹೊತ್ತಿಗೆ ಹಜಾರದಲ್ಲಿ ಫೋನು ಬಡಿಯಿತು. ಮಾತು ಬಿಟ್ಟಿದ್ದ ಹೆಂಡತಿ ಓಡಿ ಬಂದು ಬಾಗಿಲಾಚೆಯಿಂದ ಕೂಗಿದಳು: "ಏನ್ರೀ, ಅತ್ತೆಗೆ ಇಲ್ಲವಂತೆ! ಏನೂ ಇಲ್ಲವಂತೆ ಕಣ್ರೀ!" ಅವಳ ಹಿಂದೆಯೇ ಮಗಳು ಕುಣಿಯುತ್ತ ಅಂಗಳಕ್ಕಿಳಿದದ್ದು ಕೇಳಿಸಿತು.

ಸೋರಿಕೆ ಮಾವ ಗೋಡೆ ಹಿಡಿದುಕೊಂಡೇ ಕುಸಿದು ಕೂತು, ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.

"ಅಳೋದು ಕೇಳಿಸ್ತಿದೆ" ಎಂದರು ಮುದುಕಿ. "ಅತ್ತರೆ ಬಿಟ್ಟುಬಿಡ್ತೀನಿ ಅನ್ಕೋಬೇಡ."

"ಬಿಡಬೇಡಮ್ಮ" ಎಂದರು ಅವರು, ಮೂಗು ಒರೆಸಿಕೊಳ್ಳುತ್ತ. "ಬೈತಾನೇ ಇರು. ನಿನ್ನ ಉಸಿರು ಗಟ್ಟಿಯಾಗಿದೆ ಅಂತ ನನಗೆ ಗೊತ್ತಾಗ್ತಾ ಇರಲಿ."

"ಬೈಯೋದಕ್ಕೂ ನಿನ್ನ ಅಪ್ಪಣೆ ಬೇಕೇನೋ ನನಗೆ!" ಎಂದು ತಾಯಿ ರೇಗಿ, ಗಂಟಲು ಸರಿಮಾಡಿಕೊಂಡು, ಮಗ ಐದು ವರ್ಷದವನಿದ್ದಾಗಿನ ತಪ್ಪುಗಳಿಂದ ಮೊದಲು ಮಾಡಿದರು.